ಮಿಲ್ಲರ್ಸ್ ರಸ್ತೆಯಿಂದ ಅಲ್ಟ್ರಾ ಎಚ್‌ಡಿಆರ್‌ವರೆಗೆ: ಬಣ್ಣದ ಲೆಕ್ಕದಲ್ಲಿ ಬೆಂಗಳೂರು ದಂಡು

ಆಂಡ್ರಾಯ್ಡ್ ಮೊಬೈಲುಗಳಲ್ಲಿ ವಿಡಿಯೊ ಬಿಚ್ಚಿ ತೋರಿಸುವ ಮುಕ್ತ ತಂತ್ರಾಂಶಗಳಲ್ಲಿ ಲಿಬ್‌ಎವಿಸಿ ಎಂಬುದೊಂದಿದೆ. ಅದರ ಕಡತಗಳ ನೆತ್ತಿಯಲ್ಲಿ, ಪರವಾನಗಿಯ ಒಕ್ಕಣೆಯ ಕೆಳಗೆ, ಇದನ್ನು ಮೊದಲು ಬರೆದು ಕೊಟ್ಟವರು ಬೆಂಗಳೂರಿನ ಇಟ್ಟಿಯಂ ಸಿಸ್ಟಮ್ಸ್‌ನವರು ಎಂಬ ಸಾಲಿದೆ. ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನದ ಕಲ್ಬರಹಗಳನ್ನು ಓದುವ ಚರಿತ್ರೆಕಾರರು ಈ ಸಾಲನ್ನೂ ಓದಬೇಕು. ಕೊಟ್ಟವರು ಯಾರು, ಕೊಟ್ಟದ್ದೇನು ಎಂದು ದಾಖಲಿಸುವ ಇದೂ ಒಂದು ದಾನಶಾಸನವೇ.

ಈ ಕಥೆಯ ಬುಡ ದಂಡು ಪ್ರದೇಶದಲ್ಲಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಉಪಗ್ರಹ ಸಂಪರ್ಕದ ಸಾಮಾನು ಎತ್ತಿನಗಾಡಿಯಲ್ಲಿ ಬಂದ ಸಂಗತಿಯನ್ನು ಐಟಿ ಚರಿತ್ರೆ ಬರೆಯುವವರೆಲ್ಲ ತಪ್ಪದೆ ಹೇಳುತ್ತಾರೆ. ಗಾಡಿಯ ಚಿತ್ರಕ್ಕೆ ಸಿಕ್ಕ ಪ್ರಸಿದ್ಧಿ ಆ ಕಟ್ಟಡದೊಳಗೆ ಬೆಳೆದ ವಿದ್ಯೆಗೆ ಸಿಗಲಿಲ್ಲ. ಧ್ವನಿ, ಚಿತ್ರಗಳನ್ನು ಅಂಕಿಗಳ ಹರಿವಾಗಿ ಸಂಸ್ಕರಿಸುವ ಚಿಪ್ಪುಗಳ ವಿದ್ಯೆ ಅದು. ಕಂಪನಿಯ ಬೆಂಗಳೂರು ತಂಡ 1998ರಲ್ಲಿ ‘ಅಂಕುರ್’ ಎಂಬ ಸಿಗ್ನಲ್ ಪ್ರೊಸೆಸರನ್ನು ಇಲ್ಲೇ ವಿನ್ಯಾಸ ಮಾಡಿತು. ಕೇಂದ್ರ ಮುಂದೆ ಇನ್ನೂ ಪೂರ್ವಕ್ಕೆ ಸರಿದು ಸಿ.ವಿ. ರಾಮನ್ ನಗರ ಸೇರಿತು. 2001ರಲ್ಲಿ ಅದರ ಮುಖ್ಯಸ್ಥರಾಗಿದ್ದ ಶ್ರೀನಿ ರಾಜಮ್ ಮತ್ತು ಕೆಲವು ಸಹೋದ್ಯೋಗಿಗಳು ಹೊರಬಂದು ಇಟ್ಟಿಯಂ ಕಟ್ಟಿದರು. ಅದರ ಕಚೇರಿ ರಿಚ್ಮಂಡ್ ರಸ್ತೆಯಲ್ಲಿತ್ತು.

ವಿಡಿಯೊ ಕುಗ್ಗಿಸುವವರಿಗೆ ಬಣ್ಣದ ರೂಪಾಂತರ ದಿನನಿತ್ಯದ ಕೆಲಸ. ಕೆಂಪು, ಹಸಿರು, ನೀಲಿಯ ಅಂಕಿಗಳನ್ನು ಅವರು ಮೊದಲು ಹೊಳಪು ಒಂದು ಕಡೆ, ಬಣ್ಣದ ವ್ಯತ್ಯಾಸ ಇನ್ನೊಂದು ಕಡೆ ಎಂದು ಬೇರ್ಪಡಿಸುತ್ತಾರೆ. ಕಣ್ಣಿಗೆ ಹೊಳಪಿನ ವಿವರವೇ ಹೆಚ್ಚು ಬೇಕಾದ್ದರಿಂದ ಬಣ್ಣದ ಭಾಗವನ್ನು ತೆಳುವಾಗಿಸಿದರೂ ಗೊತ್ತಾಗುವುದಿಲ್ಲ. ಯಾವ ಬಣ್ಣಕ್ಕೆ ಎಷ್ಟು ಪಾಲು ಎಂಬುದು ಮಾನಕದಿಂದ ಮಾನಕಕ್ಕೆ ಬೇರೆ. ಎಚ್‌ಡಿ ಟಿವಿಯ ಬಿಟಿ.709ರಲ್ಲಿ ಹಸಿರಿಗೆ 0.7152, 2012ರ ಬಿಟಿ.2020ರಲ್ಲಿ 0.6780. ಒಂದರ ಅಂಕಿಯನ್ನು ಇನ್ನೊಂದರ ಸೂತ್ರದಿಂದ ಓದಿದರೆ ಚರ್ಮದ ಬಣ್ಣ ಕೆಡುತ್ತದೆ, ಆದರೆ ತಂತ್ರಾಂಶ ಯಾವ ದೋಷವನ್ನೂ ವರದಿ ಮಾಡುವುದಿಲ್ಲ.

ಕಂಪ್ಯೂಟರಿನ ಸಾಮಾನ್ಯ ಬಣ್ಣವಲಯವಾದ ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟವು. ಅಂದಿನ ಗಾಜಿನ ಕೊಳವೆಯ ಪರದೆಗಳಿಗೆ ಅದು ಧಾರಾಳವಾಗಿ ಸಾಲುತ್ತಿತ್ತು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಚೆಂಡುಹೂವಿನ ರಾಶಿಗೆ ಬಿಸಿಲು ಬಿದ್ದಾಗಿನ ಕಿತ್ತಳೆಯಾದರೋ ಅದರ ಅಂಚಿಗೆ ಹೋಗಿ ತಾಗುತ್ತದೆ. ಬಿಟಿ.2020ರ ವಲಯ ಬಹಳ ವಿಶಾಲ. ಅದರ ಶುದ್ಧ ಕೆಂಪನ್ನು ಬಿಟಿ.709ಕ್ಕೆ ತಿರುಗಿಸಿದರೆ ಕೆಂಪು 1.66, ಹಸಿರು ಮೈನಸ್ 0.12, ನೀಲಿ ಮೈನಸ್ 0.02 ಎಂದು ಬರುತ್ತದೆ. ಸಾಲ ತೆಗೆದ ಬೆಳಕು ಲೋಕದಲ್ಲಿಲ್ಲ. ಹಾಗಾಗಿ ಆ ಬಣ್ಣವನ್ನು ಕತ್ತರಿಸಬೇಕು, ಇಲ್ಲವೇ ಮೆಲ್ಲಗೆ ಒಳಕ್ಕೆ ಒತ್ತಬೇಕು. ಗಣಿತ ಇಲ್ಲಿಗೆ ನಿಂತು, ಮುಂದಿನದು ಎಂಜಿನಿಯರನ ರುಚಿಗೆ ಬಿಟ್ಟದ್ದಾಗುತ್ತದೆ.

ಹೊಳಪಿನ ಕಥೆ ಇನ್ನೂ ಗೋಜಲು. ಹಲಸೂರಿನ ಸೋಮೇಶ್ವರ ದೇವಸ್ಥಾನದ ಮಂಟಪದೊಳಗೆ ನಿಂತು ಹೊರಗಿನ ಬಿಸಿಲನ್ನೂ ಸೇರಿಸಿ ಚಿತ್ರ ತೆಗೆದರೆ ಕಂಬಗಳು ಕಪ್ಪಾಗುತ್ತವೆ, ಅಥವಾ ಆಕಾಶ ಬಿಳಚುತ್ತದೆ. ಬೇರೆ ಬೇರೆ ಎಕ್ಸ್‌ಪೋಷರಿನ ಚಿತ್ರಗಳಿಂದ ನಿಜವಾದ ಬೆಳಕಿನ ಅಳತೆ ಹಿಂದಕ್ಕೆ ಪಡೆಯುವ ದಾರಿಯನ್ನು 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ತೋರಿಸಿದರು. ಪಡೆದದ್ದನ್ನು ಪರದೆಗೆ ಹೇಗೆ ಕಳಿಸುವುದು ಎಂಬಲ್ಲಿ ದಾರಿ ಕವಲೊಡೆಯಿತು. ಪಿಕ್ಯೂ ಎಂಬ ರೇಖೆ 10,000 ನಿಟ್‌ವರೆಗಿನ (ನಿಟ್ ಹೊಳಪಿನ ಏಕಮಾನ) ಹೊಳಪಿಗೆ ನಿರ್ದಿಷ್ಟ ಅಂಕಿ ಕೊಡುತ್ತದೆ. ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ರೂಪಿಸಿದ ಎಚ್‌ಎಲ್‌ಜಿ ಹಳೆಯ ಟಿವಿಗಳನ್ನೂ ಕೈಬಿಡದ ರಾಜಿ. 2016ರ ಬಿಟಿ.2100 ಮಾನಕ ಎರಡನ್ನೂ ಒಪ್ಪಿಕೊಂಡಿತು. ಯಾರಿಗೂ ಬೇಸರವಾಗದಂತೆ ಮಾಡಿದ ಈ ತೀರ್ಪಿನ ಭಾರವನ್ನು ಇಂದಿಗೂ ಹೊರುತ್ತಿರುವವರು ರೂಪಾಂತರದ ಕೋಡ್ ಬರೆಯುವವರು.

203 ನಿಟ್ ಹೊಳಪಿನ ಬಿಳಿ ಅಂಗಿಯೊಂದನ್ನು ತೆಗೆದುಕೊಳ್ಳೋಣ. ಎಚ್‌ಎಲ್‌ಜಿಯಲ್ಲಿ ಅದು ಶೇ. 75ರಲ್ಲಿ, ಪಿಕ್ಯೂನಲ್ಲಿ ಶೇ. 58ರಲ್ಲಿ ಕೂರುತ್ತದೆ. ಎಚ್‌ಎಲ್‌ಜಿ ಚಿತ್ರವನ್ನು ಪಿಕ್ಯೂ ಎಂದು ತಪ್ಪಾಗಿ ಓದಿದರೆ ಅದೇ ಅಂಗಿ ಸಾವಿರ ನಿಟ್‌ಗೆ ಹತ್ತಿರವಾಗಿ ಕಣ್ಣು ಕುಕ್ಕುತ್ತದೆ. ಆದ್ದರಿಂದ ಕ್ರಮ ತಪ್ಪುವಂತಿಲ್ಲ: ಮೊದಲು ರೇಖೆಯನ್ನು ಬಿಚ್ಚಿ ಬೆಳಕಿನ ನೇರ ಅಳತೆಗೆ ಇಳಿಯಬೇಕು, ಅಲ್ಲಿ ಬಣ್ಣವಲಯ ಬದಲಿಸಬೇಕು, ಆಮೇಲಷ್ಟೇ ಹೊಸ ರೇಖೆಗೆ ಏರಿಸಬೇಕು.

ಎಚ್‌ಇವಿಸಿ ಎಂಬ ವಿಡಿಯೊ ಮಾದರಿಗೆ ಇಟ್ಟಿಯಂ ಬರೆದ ಡಿಕೋಡರ್ 2014ರ ಆಂಡ್ರಾಯ್ಡ್ 5.0ರಲ್ಲಿ ಸೇರಿತು. ಒಂಬತ್ತು ವರ್ಷದ ನಂತರ, ಆಂಡ್ರಾಯ್ಡ್ 14ರೊಂದಿಗೆ, ಎಚ್‌ಡಿಆರ್ ಚಿತ್ರಗಳಿಗಾಗಿ, ಅಂದರೆ ಕತ್ತಲು-ಬೆಳಕಿನ ವಿಶಾಲ ಹರವನ್ನು ಹಿಡಿಯುವ ಚಿತ್ರಗಳಿಗಾಗಿ, ಗೂಗಲ್ ಅಲ್ಟ್ರಾ ಎಚ್‌ಡಿಆರ್ ಎಂಬ ಮಾದರಿಯನ್ನು ತಂದಿತು. ಅದರ ಮುಕ್ತ ತಂತ್ರಾಂಶವಾದ ಲಿಬ್‌ಅಲ್ಟ್ರಾಎಚ್‌ಡಿಆರ್‌ನ ತಿದ್ದುಪಡಿ ದಾಖಲೆಯಲ್ಲಿ ಇಟ್ಟಿಯಂ ವಿಳಾಸದ ಎಂಜಿನಿಯರುಗಳು ಪದೇ ಪದೇ ಕಾಣಿಸಿಕೊಳ್ಳುತ್ತಾರೆ. ಹಿಂದಿನ ಕಡತಗಳಲ್ಲಿದ್ದಂತೆ ಇಲ್ಲಿ ನೆತ್ತಿಯ ಮೇಲೆ ಊರಿನ ಹೆಸರಿಲ್ಲ. ಬೆಂಗಳೂರಿನ ಗುರುತು ಸಾಲುಸಾಲಾಗಿ ದಾಖಲೆ ಬಗೆದವರಿಗೆ ಮಾತ್ರ ಸಿಗುತ್ತದೆ.

ಈ ಮಾದರಿಯ ಜಾಣತನ ಸರಳ. ಹೊರಗೆ ಎಂದಿನ ಜೆಪೆಗ್. ಒಳಗೆ ಗೇನ್ ಮ್ಯಾಪ್ ಎಂಬ ಇನ್ನೊಂದು ಪುಟ್ಟ ಚಿತ್ರ. ಪ್ರತಿ ಚುಕ್ಕೆಯಲ್ಲಿ ಎಚ್‌ಡಿಆರ್ ಹೊಳಪು ಸಾಮಾನ್ಯ ಹೊಳಪಿನ ಎಷ್ಟು ಪಟ್ಟು ಎಂಬುದರ ಲಾಗರಿದಮ್ಮನ್ನು ಅದು ಹಿಡಿದಿಡುತ್ತದೆ. ಭಾಗಿಸುವ ಎರಡು ಚಿತ್ರಗಳಲ್ಲಿ ಒಂದು ಬಿಟಿ.2100ರಲ್ಲಿ, ಇನ್ನೊಂದು ಪಿ3 ಎಂಬ ಬಣ್ಣವಲಯದಲ್ಲಿ ಅಥವಾ ಎಸ್‌ಆರ್‌ಜಿಬಿಯಲ್ಲಿ ಇರಬಹುದು. ಅವೆರಡೂ ಒಂದೇ ನೇರ ಅಳತೆಗೆ ಬರದಿದ್ದರೆ ಆ ಭಾಗಲಬ್ಧ ಬರೀ ಕಸ. ರೂಪಾಂತರ ಇಲ್ಲಿ ಕೊನೆಯ ಹಂತದ ಅಲಂಕಾರವಲ್ಲ, ಇಡೀ ಲೆಕ್ಕದ ತಳಪಾಯ.

2025ರಲ್ಲಿ ಗೇನ್ ಮ್ಯಾಪ್ ವಿಧಾನಕ್ಕೆ ಐಎಸ್‌ಒ 21496-1 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಅದರ ಪರಿಚಯವಿಲ್ಲದ ಆ್ಯಪ್ ಚಿತ್ರವನ್ನು ಕುಗ್ಗಿಸಿ ಮತ್ತೆ ಬರೆದರೆ ಗೇನ್ ಮ್ಯಾಪ್ ಉದುರಿಹೋಗಿ, ಹೊರಗಿನ ಜೆಪೆಗ್ ಮಾತ್ರ ಉಳಿಯುತ್ತದೆ.