ಜಿಂಕೆಗೆ ಎಷ್ಟು ದಪ್ಪದ ಗುಂಡು? ಮಧುಗಿರಿ ಸೀಮೆಯ ಬಂದೂಕಿನ ಲೆಕ್ಕ

ಇವತ್ತಿನ ಸಂಚಿಕೆ ಒಂದು ಹಳೇ ಪ್ರಶ್ನೆ ಮೇಲೆ. ಜಿಂಕೆ ಹೊಡೆಯೋಕೆ ಯಾವ ಬಂದೂಕು ಬೇಕು, ಅದರ ಗುಂಡು ಎಷ್ಟು ದಪ್ಪ ಇರಬೇಕು?

ಇವತ್ತಿಗೆ ಉತ್ತರ ಒಂದೇ ಸಾಲು: ಯಾವುದೂ ಬೇಡ, ಹೊಡೆದರೆ ಜೈಲು. ಆದರೆ ಒಂದು ಕಾಲದಲ್ಲಿ ಶಿಕಾರಿ ಮಾಡೋರು ಇದನ್ನೇ ಗಂಟೆಗಟ್ಟಲೆ ಚರ್ಚೆ ಮಾಡ್ತಿದ್ದರು. ನಾನು ಬಿ.ಕಾಂ. ಓದಿದವನು, ಯಾವ ವಿಷಯ ಬಂದರೂ ಮೊದಲು ಕೇಳೋದು ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಅಂತ. ಬಂದೂಕಿನ ಇತಿಹಾಸವನ್ನೂ ಹಾಗೇ ನೋಡೋಣ. ಜಾಗ, ನಮ್ಮ ತುಮಕೂರು ಜಿಲ್ಲೆಯ ಒಣ ಸೀಮೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ.

ಮೊದಲು ಪ್ರಾಣಿ ಯಾವುದು ಅಂತ ತಿಳ್ಕೊಳ್ಳೋಣ. ಈ ಕಡೆ ಜನ ಜಿಂಕೆ ಅನ್ನೋದು ಹೆಚ್ಚಾಗಿ ಕೃಷ್ಣಮೃಗಕ್ಕೆ. ಶಾಸ್ತ್ರದ ಪ್ರಕಾರ ಅದು ಹುಲ್ಲೆ ಜಾತಿ. ಜಿಂಕೆಯ ಕವಲು ಕೊಂಬು ಉದುರಿ ಮತ್ತೆ ಬರುತ್ತೆ, ಹುಲ್ಲೆಯ ಕೊಂಬು ಉದುರಲ್ಲ. ದೊಡ್ಡ ಗಂಡು ಕೃಷ್ಣಮೃಗ ತೂಗೋದು 35-40 ಕೆ.ಜಿ. ಅದಕ್ಕೆ ದಟ್ಟ ಕಾಡು ಬೇಡ, ಬಯಲು ಬೇಕು. ದೂರದಿಂದಲೇ ನೋಡಿ ಓಡಿಹೋಗೋದೇ ಅದರ ರಕ್ಷಣೆ. ಹಾಗಾಗಿ ಬೇಟೆಗಾರನ ಸಮಸ್ಯೆ ಪ್ರಾಣಿಯ ಗಾತ್ರ ಅಲ್ಲ, ದೂರ.

ಬಂದೂಕು ಬರೋಕೆ ಮುಂಚೆ ಈ ದೂರವನ್ನು ಉಪಾಯದಿಂದ ಗೆಲ್ಲುತ್ತಿದ್ದರು. ಬಲೆ, ನಾಯಿ, ಉರುಳು. ಪಳಗಿಸಿದ ಗಂಡು ಹುಲ್ಲೆಯ ಕೊಂಬಿಗೆ ಉರುಳು ಕಟ್ಟಿ ಹಿಂಡಿನ ಹತ್ತಿರ ಬಿಡೋದು. ಕಾದಾಡೋಕೆ ಬಂದ ಕಾಡಿನ ಹುಲ್ಲೆ ಅದರಲ್ಲಿ ಸಿಕ್ಕಿಬೀಳೋದು. ಹೀಗೆ ಮೋಸಕ್ಕೆ ಪಳಗಿಸಿದ ಪ್ರಾಣಿಗೆ ಹಳೆಯ ಕನ್ನಡದಲ್ಲಿ 'ದೀಹ' ಅಂತ ಪದವೇ ಇದೆ. ಶ್ರೀಮಂತರ ದಾರಿ ಬೇರೆ. ಮೊಘಲ್ ಬಾದಶಹರು ಹುಲ್ಲೆ ಬೇಟೆಗೆ ಚೀತಾ ಸಾಕುತ್ತಿದ್ದರು. 1687ರಲ್ಲಿ ಶಿರಾ ಅದೇ ಮೊಘಲರ ಒಂದು ಸುಬಾದ ಕೇಂದ್ರವಾಯಿತು, 1761ರಲ್ಲಿ ಹೈದರನ ಕೈಗೆ ಬಂತು.

ಮಧುಗಿರಿ, ಪಾವಗಡ, ನಿಡುಗಲ್ಲಿನ ಕೋಟೆಗಳನ್ನು ನೋಡಿದವರಿಗೆ ಗೊತ್ತು, ಇದು ಪಾಳೆಯಗಾರರ ಸೀಮೆ. ಇಂಥ ಕಡೆ ಬಂದೂಕು ಮೊದಲು ಬಂದಿದ್ದು ಯುದ್ಧಕ್ಕೆ, ಆಮೇಲೆ ಬೇಟೆಗೆ. ಬಾಯಿಂದ ಮದ್ದು ತುಂಬಿ, ಗುಂಡು ಹಾಕಿ, ಗಜದಿಂದ ಜಡಿಯೋ ನಾಡ ಬಂದೂಕು ಅದು. ನಳಿಕೆಯ ಒಳಗೆ ನುಣುಪು, ಗುಂಡು ನೆಟ್ಟಗೆ ಹೋಗೋ ಭರವಸೆ ಐವತ್ತು ಅರವತ್ತು ಮೀಟರಿಗೆ ಮುಗೀತು. ಬಯಲಲ್ಲಿ ಅಷ್ಟು ಹತ್ತಿರ ಕೃಷ್ಣಮೃಗ ಯಾರನ್ನು ಬಿಟ್ಟುಕೊಳ್ಳುತ್ತೆ? ನಳಿಕೆಯ ಒಳಗೆ ಸುರುಳಿ ಗೆರೆ ಕೊರೆದರೆ ಗುಂಡು ತಿರುಗುತ್ತಾ ಹೋಗುತ್ತೆ, ಗುರಿ ದೂರದವರೆಗೂ ನಿಲ್ಲುತ್ತೆ. ಅದೇ ರೈಫಲ್.

ಈಗ ಕ್ಯಾಲಿಬರ್. ನುಣುಪು ನಳಿಕೆಯ ಬಂದೂಕನ್ನು 'ಬೋರ್' ಲೆಕ್ಕದಲ್ಲಿ ಅಳೀತಾರೆ. ಒಂದು ಪೌಂಡ್ ಸೀಸದಲ್ಲಿ ಒಂದೇ ತೂಕದ 12 ಗುಂಡು ಮಾಡಿ, ಅದರಲ್ಲಿ ಒಂದು ಹಿಡಿಸೋ ನಳಿಕೆ ಅಂದರೆ 12 ಬೋರ್, ಸುಮಾರು 18.5 ಮಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು. ರೈಫಲ್ಲಿನದು ಇಂಚಿನ ಲೆಕ್ಕ. .450 ಅಂದರೆ 11.4 ಮಿ.ಮೀ., .303 ಅಂದರೆ 7.7 ಮಿ.ಮೀ. ಹಳೇ ಕರಿಮದ್ದಿನ ಕಾಲದಲ್ಲಿ ವೇಗ ಕಡಿಮೆ, ಹೊಡೆತಕ್ಕೆ ದಪ್ಪ ಗುಂಡೇ ಬೇಕಿತ್ತು. 1880ರ ದಶಕದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದ ಮೇಲೆ ಸಣ್ಣ ಗುಂಡು ಜೋರಾಗಿ, ಚಪ್ಪಟೆ ದಾರಿಯಲ್ಲಿ ಹೋಗತೊಡಗಿತು. ಬಯಲಿನ ಹುಲ್ಲೆಗೆ 7 ಮಿ.ಮೀ. ಸುತ್ತಮುತ್ತಲಿನ ರೈಫಲ್ ಧಾರಾಳ ಸಾಕು. ಜಿಮ್ ಕಾರ್ಬೆಟ್ ಬಳಸಿದ .275 ರಿಗ್ಬಿ ಇದೇ ಅಳತೆಯದು.

ಹಾಗಿದ್ದರೆ ಎಲ್ಲರೂ ಅದನ್ನೇ ಕೊಂಡರಾ? ಇಲ್ಲ. ಯಾಕಂದರೆ ಯಾರ ಕೈಗೆ ಯಾವ ಅಳತೆ ಅಂತ ತೀರ್ಮಾನ ಮಾಡಿದ್ದು ಜಿಂಕೆ ಅಲ್ಲ, ಸರ್ಕಾರದ ಭಯ.

1857ರ ದಂಗೆ ಆದ ತಕ್ಷಣ ಇಂಗ್ಲಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂದರು. ಬೇಟೆ ಅವರ ಬದುಕು, ಆಯುಧ ಅವರ ಮರ್ಯಾದೆ. ಆ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಗಲ್ಲು. ಇನ್ನೊಂದು ಕಡೆ, 1861ರಲ್ಲಿ ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋ ವಿನಾಯಿತಿ ಸಿಕ್ಕಿತು, ಇವತ್ತಿಗೂ ಇದೆ. ನಂಬಿಕೆ ಇದ್ದವರಿಗೆ ಕೋವಿ, ಇಲ್ಲದವರಿಗೆ ಗಲ್ಲು. 1878ರ ಶಸ್ತ್ರ ಕಾಯ್ದೆ ಬಂದಾಗ ಭಾರತೀಯರಿಗೆ ಲೈಸೆನ್ಸ್, ಯುರೋಪಿಯನ್ನರಿಗೆ ವಿನಾಯಿತಿ.

ಭಯ ಕ್ಯಾಲಿಬರಿನ ಒಳಗೂ ಹೊಕ್ಕಿತು. ಸೈನ್ಯದ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡು .450. ಅದು ಬಂಡುಕೋರರ ಕೈ ಸೇರಬಾರದು ಅಂತ 1907ರ ಹೊತ್ತಿಗೆ ಭಾರತದಲ್ಲಿ .450 ಅಳತೆಯನ್ನು ಖಾಸಗಿಯವರಿಗೆ ನಿಷೇಧಿಸಿದರು. ಲಂಡನ್ನಿನ ಬಂದೂಕು ಕಂಪನಿಗಳು ಕೂಡಲೇ .465, .470 ಅಂತ ಹೊಸ ಅಳತೆ ಮಾರುಕಟ್ಟೆಗೆ ಬಿಟ್ಟವು. ನಮ್ಮ ಇಶಾಪುರ ಕಾರ್ಖಾನೆಯ .315 ರೈಫಲ್ಲಿನ ಹಿಂದೆ ಇರೋದೂ ಇದೇ ತರ್ಕ. ಸೈನ್ಯದ .303 ನಿಷಿದ್ಧ, .315ಕ್ಕೆ ಲೈಸೆನ್ಸ್ ಸಿಗುತ್ತೆ. ಮಧ್ಯೆ ಇರೋ ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ! ಜಿಂಕೆಗೆ ಅದು ತಿಳಿಯೋದಿಲ್ಲ, ಸರ್ಕಾರಕ್ಕೆ ತಿಳಿಯುತ್ತೆ.

ಸ್ವಾತಂತ್ರ್ಯ ಬಂದ ಮೇಲೆ? 1959ರ ಶಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ. ರಕ್ಷಣೆಗೆ, ಕ್ರೀಡೆಗೆ ನುಣುಪು ನಳಿಕೆಯ ಬಂದೂಕು. ಬೆಳೆ ಕಾಯೋಕೆ ಬಾಯಿಂದ ಮದ್ದು ತುಂಬೋ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ಬೇರೆ ನುಣುಪು ನಳಿಕೆಯದು. ಅಂದರೆ ಶೋಕಿಗೆ ಹೊಸದು, ರೈತನಿಗೆ ಮೊದಲು ಪಾಳೆಯಗಾರರ ಕಾಲದ್ದು. ಚುನಾವಣೆ ಬಂದರೆ ಅದನ್ನೂ ಠಾಣೆಯಲ್ಲಿ ಇಟ್ಟು ಬರಬೇಕು.

ಇಷ್ಟರಲ್ಲಿ ಪ್ರಾಣಿಗಳೇ ಖಾಲಿಯಾಗುತ್ತಾ ಬಂದವು. ಜೀಪು, ರಾತ್ರಿ ದೀಪ, ದೂರ ಹೊಡೆಯೋ ರೈಫಲ್ ಮೂರೂ ಸೇರಿದ ಮೇಲೆ ಕೃಷ್ಣಮೃಗದ ಓಟಕ್ಕೆ ಬೆಲೆ ಇರಲಿಲ್ಲ. ಚೀತಾ ಭಾರತದಲ್ಲಿ ನಿರ್ನಾಮ ಅಂತ 1952ರಲ್ಲೇ ಘೋಷಣೆ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಒಂದನೇ ಶೆಡ್ಯೂಲಿಗೆ ಸೇರಿಸಿತು. ಇವತ್ತು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಫಲ ಸಿಕ್ಕಿದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ ದಾಟಿ ಹರಿಯೋ ಜಯಮಂಗಲಿ ಹೊಳೆಯ ಹೆಸರಲ್ಲಿ, ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಕೃಷ್ಣಮೃಗ ಮೀಸಲು ಪ್ರದೇಶ ಆಯಿತು. 2019ರಲ್ಲಿ ಶಿರಾ ತಾಲೂಕಿನ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮ ಆಯಿತು.

ಈಗ ಲೆಕ್ಕಕ್ಕೆ ಬರೋಣ. ಮೈದನಹಳ್ಳಿ ಮೀಸಲು 798 ಎಕರೆ. ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ. ಅಲ್ಲಿ ಜಮೀನು ಕೊಟ್ಟ ರೈತನಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತೆ. ಇಲ್ಲಿ ಜಿಂಕೆಗೆ ಬೇಲಿ ಲೆಕ್ಕಕ್ಕಿಲ್ಲ; ಪಕ್ಕದ ಹೊಲದ ಕಡಲೆಕಾಯಿ, ರಾಗಿ ಮೇಯುತ್ತೆ. ಅದಕ್ಕೆ ಮೇವು ಹಾಕೋ ರೈತನಿಗೆ ಬಾಡಿಗೆ ಕೊಡೋರು ಯಾರು?

ಬೇಟೆ ನಿಂತಿದ್ದು ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಲೆಕ್ಕದ್ದು. ಗುಂಡು ಹಾರಿಸೋ ಕಾಲದಲ್ಲಿ ಸಂತೋಷ ಸಾಹೇಬರದು, ನಷ್ಟ ಜಿಂಕೆಯದು. ಗುಂಡು ನಿಂತ ಮೇಲೆ ಸಂತೋಷ ಕ್ಯಾಮೆರಾ ಹಿಡಿದು ಬೆಂಗಳೂರಿಂದ ಹೋಗೋ ನಮ್ಮದು, ನಷ್ಟ ಮೈದನಹಳ್ಳಿಯವರದು. ಬೆಳೆ ನಷ್ಟದ ದುಡ್ಡು ಪೂರ್ತಿಯಾಗಿ, ಅದೇ ಹಂಗಾಮಿನಲ್ಲಿ ಕೈ ಸೇರಿದರೆ ಅವರೇ ಜಿಂಕೆ ಕಾಯ್ತಾರೆ. ಮುಂದಿನ ಸಲ ಮೈದನಹಳ್ಳಿಗೆ ಫೋಟೋ ತೆಗೆಯೋಕೆ ಹೋದಾಗ ಪಕ್ಕದ ಹೊಲದವರನ್ನ ಒಂದು ಮಾತು ಕೇಳಿ: ಈ ವರ್ಷ ಎಷ್ಟು ಮೇಯ್ತು, ಎಷ್ಟು ಬಂತು? ಉತ್ತರ ವಾಯ್ಸ್ ನೋಟ್ ಮಾಡಿ ನನಗೆ ಕಳಿಸಿ.