ಭಾವ ಕೂತಿದ್ದ ನೆರಳು

ನಮ್ಮ ಮುಂಬಯಿ ಮನೆಯ ಹಳೇ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. 1988ರಲ್ಲಿ ಆಫೀಸ್ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದ ನಮ್ಮ ಭಾವ, ಉದ್ದನೆಯ ಕಲ್ಲಿನ ಕಮಾನಿನ ಕೆಳಗೆ ಕಾಲು ಚಾಚಿ ಕೂತು ಕಿತ್ತಳೆ ಸುಲಿಯುತ್ತಿದ್ದಾರೆ. ಹಿಂದುಗಡೆ ಅವರದೇ ಕೈಬರಹ: "ಲ್ಯಾಂಡ್‌ಸ್ಕೇಪ್ ಆರ್ಚ್, ಯೂಟಾ. ಒಳ್ಳೇ ನೆರಳು."

2018ರ ಅಕ್ಟೋಬರಿನಲ್ಲಿ ಮಗಳ ಮನೆಗೆ ಹೋದಾಗ, ಅದೇ ಜಾಗದಲ್ಲಿ ಕೂತು ನಾನೂ ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಹಟ ಹಿಡಿದೆ. ಭಾವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಮೋಆಬ್ ಊರಿಗೆ ಹತ್ತಿರದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ 2000ಕ್ಕೂ ಹೆಚ್ಚು ಕಮಾನುಗಳಿವೆ. ಡೆವಿಲ್ಸ್ ಗಾರ್ಡನ್ ಎಂಬಲ್ಲಿ ಕಾರು ನಿಲ್ಲಿಸಿ ನಡೆದರೆ ಲ್ಯಾಂಡ್‌ಸ್ಕೇಪ್ ಆರ್ಚ್‌ಗೆ ಹೋಗಿಬರಲು ಸುಮಾರು 3 ಕಿಲೋಮೀಟರ್. ದಾರಿ ಗಟ್ಟಿಯಾಗಿದೆ, ದೊಡ್ಡ ಏರಿಲ್ಲ. ಮಂಡಿನೋವಿನ ನನ್ನಾಕೆಯೂ, ಆರು ವರ್ಷದ ಮೊಮ್ಮಗನೂ ಆರಾಮಾಗಿ ನಡೆದರು. ನೀರು ಮಾತ್ರ ಜೊತೆಗೆ ಒಯ್ಯಲೇಬೇಕು, ಮರುಭೂಮಿ ನೋಡಿ!

ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಆವಿಯಾಗಿ ದಪ್ಪನೆಯ ಉಪ್ಪಿನ ಪದರ ಉಳಿಯಿತು. ಮೇಲೆ ಕೂಡಿಕೊಂಡ ಕಲ್ಲಿನ ಭಾರಕ್ಕೆ ಆ ಉಪ್ಪು ಜರುಗಿ, ಮರಳುಗಲ್ಲು ಉದ್ದುದ್ದಕ್ಕೆ ಬಿರುಕು ಬಿಟ್ಟು ಗೋಡೆಗಳಂತಾಯಿತು. ಬಿರುಕಿನಲ್ಲಿ ಇಳಿದ ಮಳೆನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲನ್ನು ಚೂರುಚೂರೇ ಉದುರಿಸಿತು. ಕೆಳಗಿನದು ಉದುರಿದ ಕಡೆ ಮೇಲಿನದು ಕಮಾನಾಗಿ ನಿಂತಿತು. ಅಂದರೆ ಕಮಾನನ್ನು ಕಟ್ಟಿದ್ದು ಕುಸಿತವೇ.

1929ರಲ್ಲಿ ಅಧ್ಯಕ್ಷ ಹೂವರ್ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. 1933-34ರಲ್ಲಿ ಇಲ್ಲಿ ಅಧ್ಯಯನ ತಂಡವನ್ನು ಮುನ್ನಡೆಸಿದ ಫ್ರಾಂಕ್ ಬೆಕ್‌ವಿತ್ ಈ ಕಮಾನಿಗೆ ಹೆಸರಿಟ್ಟರು. 1971ರಲ್ಲಿ ಸ್ಮಾರಕ ರಾಷ್ಟ್ರೀಯ ಉದ್ಯಾನವಾಯಿತು. ಬೇಟೆಗಾರರಿಂದ, ಗಣಿಗಾರರಿಂದ ಕಾನೂನು ಕಾಪಾಡೀತು. ಮಳೆ ಮಂಜಿನಿಂದ?

1991ರ ಸೆಪ್ಟೆಂಬರ್ 1ರಂದು ಉತ್ತರ ಸಿಕ್ಕಿತು. ಕಮಾನಿನ ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದವರಿಗೆ ಮೇಲಿಂದ ಚಟಪಟ ಸದ್ದು ಕೇಳಿತು. ಎದ್ದು ಓಡಿದರು. 60 ಅಡಿ ಉದ್ದ, 11 ಅಡಿ ಅಗಲ, 4 ಅಡಿ ದಪ್ಪದ ಚಪ್ಪಡಿ ಬಲಗಡೆಯಿಂದ ಕಳಚಿ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. 1995ರ ಜೂನಿನಲ್ಲಿ ಮತ್ತೆರಡು ಸಲ ಕಲ್ಲು ಬಿತ್ತು. ಕಮಾನಿನ ಕೆಳಗಿನ ದಾರಿಯನ್ನು ಮುಚ್ಚಿಬಿಟ್ಟರು. ಇದೇ ದಾರಿಯಲ್ಲಿ ಮುಂದೆ ಸಿಗುತ್ತಿದ್ದ ವಾಲ್ ಆರ್ಚ್ ಅಂತೂ 2008ರ ಆಗಸ್ಟ್‌ನ ಒಂದು ರಾತ್ರಿ ಪೂರ್ತಿಯಾಗಿ ಕುಸಿಯಿತು.

ಹಾಗಾದರೆ ಆಸರೆ ಕೊಟ್ಟು ಉಳಿಸಬಾರದೇ? ಅಂಥ ಯೋಚನೆಯೂ ನಡೆದಿತ್ತು. 1950ರ ದಶಕದಲ್ಲಿ ಇದೇ ಉದ್ಯಾನದ ಪ್ರಸಿದ್ಧ ಡೆಲಿಕೇಟ್ ಆರ್ಚ್‌ಗೆ ಪಾರದರ್ಶಕ ಪ್ಲಾಸ್ಟಿಕ್ ಬಳಿಯುವ ವಿಚಾರ ಬಂದಿತ್ತು. ಆಗುಹೋಗುವ ಮಾತಲ್ಲ, ನಮ್ಮ ನೀತಿಗೂ ಒಪ್ಪುವುದಿಲ್ಲ ಎಂದು ಕೈಬಿಟ್ಟರು. ನೀರೂ ಹಿಮವೂ ಕಡೆದದ್ದನ್ನು ನೀರೂ ಹಿಮವೂ ಕೆಡವಲಿ ಎಂಬ ನಿಲುವು.

ನಾನು ಬೇಲಿಯ ಈಚೆಗೇ ನಿಂತೆ. 300 ಅಡಿಯಷ್ಟು ಉದ್ದದ ಕಲ್ಲಿನ ಪಟ್ಟಿ, ಒಂದು ಕಡೆಯಂತೂ ಎರಡು ಮೀಟರಿನಷ್ಟೇ ದಪ್ಪ. "ಅಜ್ಜ, ಬಿದ್ದುಹೋದ್ರೆ?" ಅಂದ ಮೊಮ್ಮಗ. "ಬೀಳುತ್ತಪ್ಪ, ಇವತ್ತಲ್ಲ" ಅಂದೆ. ಕಮಾನನ್ನು ದೂರ ಹಿಂದಕ್ಕಿಟ್ಟು ಮಗಳು ಫೋಟೋ ತೆಗೆದಳು.

ಮುಂಬಯಿಗೆ ಬಂದು ಎರಡು ಫೋಟೋಗಳನ್ನೂ ಅಕ್ಕಪಕ್ಕ ಅಂಟಿಸಿದೆ. ಭಾವನ ಫೋಟೋದಲ್ಲಿ ಬಲಗಡೆ, ಸರಿಯಾಗಿ ಅವರ ತಲೆಯ ಮೇಲೆ, ಕಲ್ಲು ದಪ್ಪಗಿದೆ. ನನ್ನದರಲ್ಲಿ ಅಲ್ಲಿ ಆಕಾಶವಿದೆ. ಅವರು ಮೆಚ್ಚಿ ಬರೆದ ಆ ನೆರಳು ಬಿದ್ದ ಚಪ್ಪಡಿಯದೇ ಇರಬೇಕು.