ಗಣಕಯಂತ್ರದ ವೇಗನಿಯಂತ್ರಣ: ಒಂದು ಐತಿಹಾಸಿಕ ವಿವೇಚನೆ

ಯಂತ್ರದ ವೇಗವು ಹೆಚ್ಚಿದಷ್ಟೂ ಅದರ ಯೋಗ್ಯತೆಯೂ ಹೆಚ್ಚುವುದೆಂಬ ಭಾವನೆಯು ಇಂದು ಸರ್ವಸಾಮಾನ್ಯವಾಗಿದೆ. ಯಂತ್ರಗಳ ಇತಿಹಾಸವು ಈ ಭಾವನೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಶಾಸನಗಳ ಛಾಯಾಚಿತ್ರಗಳನ್ನು ಸಂಗ್ರಹಿಸುವ ಕಾರ್ಯದಲ್ಲಿ ನಮಗೆ ಒದಗಿದ ಹಳೆಯ ಗೇಮಿಂಗ್ ಲ್ಯಾಪ್‌ಟಾಪೊಂದು ಈ ವಿಷಯವನ್ನು ವಿವೇಚಿಸಲು ನಮ್ಮನ್ನು ಪ್ರೇರಿಸಿತು.

ಕ್ರಿ. ಶ. 1788ರಲ್ಲಿ ಜೇಮ್ಸ್ ವಾಟನು ಉಗಿಯಂತ್ರಕ್ಕೆ ‘ಗವರ್ನರ್’ ಎಂಬ ಸಾಧನವನ್ನು ಅಳವಡಿಸಿದನು. ವೇಗವು ಮಿತಿಮೀರಿದೊಡನೆ ತಿರುಗುವ ಎರಡು ಗುಂಡುಗಳು ಹೊರಸರಿದು ಉಗಿಯ ದಾರಿಯನ್ನು ಕಿರಿದಾಗಿಸುತ್ತಿದ್ದವು. 1868ರಲ್ಲಿ ಮ್ಯಾಕ್ಸ್‌ವೆಲ್ಲನು ಇದರ ಗಣಿತವನ್ನು ನಿರೂಪಿಸಿದನು. 1939ರಲ್ಲಿ ಉಗಾರದ ಸಕ್ಕರೆ ಕಂಪನಿಯು ಸ್ಥಾಪಿತವಾದ ಈ ಕೃಷ್ಣಾತೀರದ ರೈತರಿಗೂ ಗವರ್ನರು ಅಪರಿಚಿತವಲ್ಲ. ಕಬ್ಬಿಗೆ ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ನುಗಳಲ್ಲಿಯೂ ಇದೇ ತತ್ತ್ವವು ಅಡಗಿದ್ದಿತು.

ಗಣಕಯಂತ್ರದಲ್ಲಿಯೂ ಇದೇ ಪ್ರಶ್ನೆಯು ಉದ್ಭವಿಸಿತು. 1981ರ ಐಬಿಎಂ ಪಿಸಿಯ ಪ್ರೊಸೆಸರಿನ ವೇಗವು 4.77 ಮೆಗಾಹರ್ಟ್ಸ್ ಆಗಿದ್ದಿತು. ಆ ಕಾಲದ ಎಷ್ಟೋ ಆಟಗಳು ಈ ವೇಗವನ್ನೇ ಗಡಿಯಾರವಾಗಿ ನಂಬಿದ್ದುದರಿಂದ, ಮುಂದಿನ ತ್ವರಿತ ಯಂತ್ರಗಳಲ್ಲಿ ಅವು ಆಡಲಾಗದಷ್ಟು ಓಡತೊಡಗಿದವು. ಆದುದರಿಂದ ತಯಾರಕರು ‘ಟರ್ಬೊ’ ಗುಂಡಿಯನ್ನಿರಿಸಿದರು. ಹೆಸರು ವೇಗದ್ದಾದರೂ ಅದರ ಮುಖ್ಯ ಪ್ರಯೋಜನವು ವೇಗವನ್ನು ತಗ್ಗಿಸುವುದೇ ಆಗಿದ್ದಿತು ಎಂಬುದು ಗಮನಾರ್ಹವಾಗಿದೆ. 2000ದಲ್ಲಿ ಇಂಟೆಲ್ ಕಂಪನಿಯು ವೇಗವನ್ನೂ ವೋಲ್ಟೇಜನ್ನೂ ಒಟ್ಟಿಗೆ ಇಳಿಸುವ ಸ್ಪೀಡ್‌ಸ್ಟೆಪ್ ಪದ್ಧತಿಯನ್ನು ಲ್ಯಾಪ್‌ಟಾಪಿಗೆ ತಂದಿತು. 2004ರಲ್ಲಿ ಅದೇ ಕಂಪನಿಯು 4 ಗಿಗಾಹರ್ಟ್ಸಿನ ಪೆಂಟಿಯಂ 4ರ ಯೋಜನೆಯನ್ನು ಕೈಬಿಟ್ಟಿತು. ವೇಗದ ಓಟಕ್ಕೆ ಉಷ್ಣತೆಯೇ ಗಡಿಯಾಗತೊಡಗಿದ್ದಿತು. ಲಿನಕ್ಸಿನಲ್ಲಿ ವೇಗವನ್ನು ನಿರ್ಧರಿಸುವ ನಿಯಮಗಳಿಗೆ ಇಂದಿಗೂ ‘ಗವರ್ನರ್’ ಎಂಬುದೇ ಹೆಸರು.

ಇನ್ನು ನಮ್ಮ ಯಂತ್ರದ ವಿಚಾರ. ಬೇಸಗೆಯಲ್ಲಿ ಛಾಯಾಚಿತ್ರಗಳನ್ನು ಜೋಡಿಸುವಾಗ ಅದು ಕಾದು, ಕೆಲಸದ ನಡುವೆಯೇ ಆರಿಹೋಗುತ್ತಿದ್ದಿತು. ಒಂದು ಇಡೀ ದಿನದ ಶ್ರಮವು ಹಾಗೆ ವ್ಯರ್ಥವಾಯಿತು. ಪ್ರೊಸೆಸರು ಬಳಸುವ ಶಕ್ತಿಯು ಸ್ಥೂಲವಾಗಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗವನ್ನು ನೂರಕ್ಕೆ 20ರಷ್ಟು, ವೋಲ್ಟೇಜನ್ನು ನೂರಕ್ಕೆ 10ರಷ್ಟು ಇಳಿಸಿದರೆ ಶಕ್ತಿಯು ನೂರಕ್ಕೆ ಸುಮಾರು 35ರಷ್ಟು ಇಳಿಯುವುದು. ಅಲ್ಪ ವೇಗವನ್ನು ತ್ಯಜಿಸಿದರೆ ಅಧಿಕ ತಂಪು ದೊರೆಯುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಾವು ಮೊದಲು ಫ್ಯಾನಿನ ಧೂಳನ್ನು ತೆಗೆಸಿ, ಒಣಗಿದ್ದ ಥರ್ಮಲ್ ಪೇಸ್ಟನ್ನು ಬದಲಾಯಿಸಿದೆವು. ತರುವಾಯ ವಿಂಡೋಸಿನ ವಿದ್ಯುತ್ ವ್ಯವಸ್ಥೆಯಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ನೂರರಿಂದ 99ಕ್ಕೆ ಇಳಿಸಿದೆವು. ಬಹಳಷ್ಟು ಯಂತ್ರಗಳಲ್ಲಿ ಇಷ್ಟರಿಂದಲೇ ಹೆಚ್ಚುವರಿ ಟರ್ಬೊ ವೇಗವು ನಿಲ್ಲುತ್ತದೆ. ವೋಲ್ಟೇಜನ್ನೇ ಕೈಯಾರೆ ಇಳಿಸುವ ದಾರಿಯು, 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷವು ಬೆಳಕಿಗೆ ಬಂದ ಮೇಲೆ, ಅನೇಕ ಯಂತ್ರಗಳಲ್ಲಿ ಮುಚ್ಚಿಹೋಗಿದೆ.

ಈಗ ಯಂತ್ರವು ನಿಧಾನವಾಗಿ ನಡೆಯುತ್ತದೆ. ಆದರೆ ಹಿಡಿದ ಕೆಲಸವನ್ನು ಮುಗಿಸುತ್ತದೆ. ಹೊಸ ಯಂತ್ರವನ್ನು ಕೊಳ್ಳುವ ಅನುಕೂಲವು ಗಡಿಭಾಗದ ಎಲ್ಲ ವಿದ್ಯಾರ್ಥಿಗಳಿಗೂ ಇಲ್ಲ. ಬಿಸಿಲುಮಳೆಗಳಿಗೆ ಸಿಕ್ಕ ಶಾಸನಗಳ ಅಕ್ಷರಗಳಾದರೋ ನಮಗಾಗಿ ಕಾಯುವುದಿಲ್ಲ. ಆದುದರಿಂದ ಹಳೆಯ ಯಂತ್ರವನ್ನು ಮೂಲೆಗೆ ಸೇರಿಸುವ ಮುನ್ನ ಅದರ ವೇಗವನ್ನೊಮ್ಮೆ ತಗ್ಗಿಸಿ ನೋಡುವುದು ಉಚಿತವೆಂದು ನಮ್ಮ ಅಭಿಪ್ರಾಯ.